ನಾಲ್ಕನೆಯ ಹಾರ್ನ್

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ 7.20

ಆಂಪ್ಲಿಫೈಯರ್ ಸರಿಹೋಯಿತು. ಧ್ವನಿವರ್ಧಕದ ಒಂದು ಹಾರ್ನ್‌ಗೆ ಕಾಯಿಲ್ ಬದಲಿಸಿದೆ. ಭಾನುವಾರ ಮೈದಾನದಲ್ಲಿ ನಮ್ಮ ಚರ್ಚಿನ ಸುವಾರ್ತಾ ಕೂಟ. ಮೈಕ್ ಕೆಲಸ ಎಂದಿನಂತೆ ನನ್ನದು.

ಪಾಸ್ಟರ್ ಬಂದು ನಾಲ್ಕೂ ಹಾರ್ನ್‌ಗಳನ್ನು ತಟ್ಟಿ ನೋಡಿದರು. "ನನಗೆ ಕೇಳಿಸಲೇ ಇಲ್ಲ ಅಂತ ಈ ಸುತ್ತಮುತ್ತ ಯಾರೂ ಹೇಳ್ಬಾರದು ಕಣಪ್ಪ."

ಕೇಳಿಯೇಬಿಟ್ಟೆ— "ಸುವಾರ್ತೆ ಕೇಳದೇ ಸತ್ತವರ ಗತಿ ಏನು, ಪಾಸ್ಟರೇ?"

ವೈರ್ ಸುತ್ತುತ್ತಲೇ ಅಂದರು: "ನಮ್ಮಪ್ಪನೂ ಕೇಳದೇ ಹೋದ್ರು. ತಿಳಿಯದೇ ಹೋದವರನ್ನ ದೇವರು ಕೈಬಿಡಲ್ಲ ಅಂತ ನಂಬಿದೀನಿ. ಆದ್ರೆ ಕೇಳಿಯೂ ಬೇಡ ಅಂದವರು..." ಸುತ್ತಿದ ವೈರ್ ಕೆಳಗಿಟ್ಟು ಎದ್ದರು.

ಅಮ್ಮನ ನೆನಪಾಯಿತು. ಎಂಬತ್ತೊಂದು ವರ್ಷ. ಹಾಸಿಗೆ ಹಿಡಿದು ಐದು ತಿಂಗಳು. ನಾನು ದೀಕ್ಷಾಸ್ನಾನ ಪಡೆದ ದಿನ ಅಂದಿದ್ದಳು: "ನಿನ್ನ ದೇವರು ನಿನಗೆ. ನನ್ನ ಕಿವಿಗೆ ಹಾಕ್ಬೇಡ." ಎರಡು ವರ್ಷವಾಯಿತು. ಒಂದು ಮಾತೂ ಹಾಕಿಲ್ಲ.

ಫೆಬ್ರವರಿ 4. ಸಂಜೆ 5

ಟ್ರಯಲ್. ಪಾಸ್ಟರರ ಹಳೆಯ ರೆಕಾರ್ಡಿಂಗ್ ಹಚ್ಚಿ, ಹೆಜ್ಜೆ ಎಣಿಸುತ್ತ ಹೊರಟೆ. ಮರದ ಡಿಪೋ, 310— ಮಾತು ಸ್ಪಷ್ಟ. ಬಸ್ ಶೆಡ್, 620— ಮಾತಿನ ಕೊನೆಗಳು ಕರಗುತ್ತವೆ. ರಸ್ತೆ ತಿರುಗಿದ ಮೇಲೆ ಸೇತುವೆ, 900— ಮಾತಿಲ್ಲ, ದನಿ ಮಾತ್ರ. ಮಂಜಿನಂತೆ ನೀರಿನ ಮೇಲೆ ಕೂತಿತ್ತು. ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಚೆ ಒಂದು ಹೆಜ್ಜೆ ಇಟ್ಟೆ, ಈಚೆ ಬಂದೆ. ವ್ಯತ್ಯಾಸ ತಿಳಿಯಲಿಲ್ಲ.

ಸೇತುವೆಯಾಚೆ ಅಮ್ಮನ ಮನೆ, 1,140. ನಾಲ್ಕನೆಯ ಹಾರ್ನ್ ಪೂರ್ತಿ ಆ ಕಡೆ ತಿರುಗಿಸಿದರೆ ಮಾತೇ ತಲುಪುತ್ತದೆ. ಕೇಳಿಸಿದರೆ ಅವಳು ಬೇಡ ಅನ್ನುವುದು ಖಂಡಿತ. ಕೇಳಿಸದಿದ್ದರೆ— ಕೇಳದವರ ಜೊತೆಗೇ ಉಳಿಯುತ್ತಾಳೆ, ಪಾಸ್ಟರರ ಅಪ್ಪನ ಹಾಗೆ. ಯಾವುದು ಕ್ಷೇಮ? ಎಲ್ಲ ಒಂದು ನಟ್ಟಿನ ಮೇಲೆ ನಿಂತಿದೆ.

ಫೆಬ್ರವರಿ 5

ಮಧ್ಯಾಹ್ನ ನನ್ನ ಮೈಕ್ ಅಂಗಡಿಯ ಕುರ್ಚಿಯಲ್ಲೇ ಜೊಂಪು. ಕನಸಿನಲ್ಲಿ ಅಮ್ಮ ಸೇತುವೆಯ ಮೇಲೆ ಆರಾಮಾಗಿ ನಡೆಯುತ್ತಿದ್ದಳು, ನನ್ನ ಸೀಮೆಸುಣ್ಣದ ಗೆರೆಯನ್ನು ದಾರದ ಹಾಗೆ ಬೆರಳಿಗೆ ಸುತ್ತಿಕೊಳ್ಳುತ್ತ. "ಇಷ್ಟುದ್ದ ಯಾಕೆ ಬಿಟ್ಟಿದ್ದೀಯೋ?" ಎಂದಳು. ಎದ್ದಾಗ ಬೆರಳಲ್ಲಿ ಸೀಮೆಸುಣ್ಣವಿತ್ತು. ನಿನ್ನೆಯೇ ಕೈ ತೊಳೆದ ನೆನಪು...

ಫೆಬ್ರವರಿ 8, ಭಾನುವಾರ. ಸಂಜೆ 4

ನಾಲ್ಕನೆಯ ಹಾರ್ನ್ ಸೇತುವೆ ಕಡೆ ತಿರುಗಿಸಿದೆ. ಮತ್ತೆ ಡಿಪೋ ಕಡೆ. ಮತ್ತೆ ಸೇತುವೆ... ಪಾಸ್ಟರ್ ಏಣಿಯ ಕೆಳಗಿಂದ ಕೂಗಿದರು: "ಏನಯ್ಯಾ, ಗಾಳಿಪಟ ಹಾರಿಸ್ತಿದೀಯಾ?"

ಡಿಪೋ ಕಡೆಗೇ ಬಿಗಿದು ಇಳಿದೆ.

ಫೆಬ್ರವರಿ 9. ಬೆಳಿಗ್ಗೆ 10, ಅಮ್ಮನ ಮನೆ

ನಿನ್ನೆ ಗಾಳಿ ಈ ಕಡೆ ಬೀಸಿದೆ. ಅದನ್ನು ಯೋಚಿಸಿರಲಿಲ್ಲ.

ಅಕ್ಕ ಬಾಗಿಲಲ್ಲೇ ಹಿಡಿದಳು. "ಬಂದ್ರಪ್ಪ ಮೈಕ್ ಮಹಾರಾಯರು! ಅಮ್ಮ ಕಿಟಕಿ ಮುಚ್ಚೋಕ್ಕೂ ಬಿಡ್ಲಿಲ್ಲ ನಿನ್ನೆ."

ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಮಲಗಿದ್ದಳು. "ಒಂದು ಮಾತೂ ತಿಳೀಲಿಲ್ಲ ಕಣೋ. ಬರೀ ದನಿ. ಯಾರೋ ಯಾರನ್ನೋ ಊಟಕ್ಕೆ ಕರೆದ ಹಾಗಿತ್ತು. ಏನದು? ಎರಡು ವರ್ಷ ಆಯ್ತು, ನೀನಾದ್ರೂ ಹೇಳ್ಲಿಲ್ಲ."

"ನೀನೇ ಬೇಡ ಅಂದಿದ್ದೆಯಲ್ಲಮ್ಮ."

"ನಾನು ಔಷಧಿನೂ ಬೇಡ ಅಂತೀನಿ. ಕುಡಿಸದೇ ಬಿಡ್ತೀಯಾ?"

"ಕೇಳಿದ ಮೇಲೂ ಬೇಡ ಅನ್ನಿಸಿದ್ರೆ?"

"ಅದು ನನ್ನ ಪಾಡು. ನನ್ನ ಪಾಡನ್ನೂ ನೀನೇ ಪಡಬೇಡ."

ಈಗ ಅಕ್ಕ ಅವಳ ಮೈ ಒರೆಸುತ್ತಿದ್ದಾಳೆ. ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ಬೇರೆಯವರ ಮಾತನ್ನು ದೂರಕ್ಕೆ ಮುಟ್ಟಿಸಿದ್ದೇನೆ. ನನ್ನ ಬಾಯಲ್ಲಿ ಎಲ್ಲಿಂದ ಶುರು? ಊಟಕ್ಕೆ ಕರೆದ ಹಾಗೆ ಅಂದಳಲ್ಲ... ಅಲ್ಲಿಂದಲೇ. ಅವಳು ಬೇಡ ಅಂದರೆ—

ಅಮ್ಮ ಕರೆಯುತ್ತಿದ್ದಾಳೆ. ಹಾಸಿಗೆಗೆ ಇಲ್ಲಿಂದ ಹನ್ನೆರಡು ಹೆಜ್ಜೆ. ಮೊದಲು ಹೇಳಬೇಕಾದದ್ದು ಆ ಊಟದ ಕರೆಯನ್ನೇ. ಹೊರಟೆ.