ಅರ್ಧಕ್ಕೆ ನಿಂತ ತೇರ್ಸ್

ಖೈತಾನ್, ಕುವೈತ್
ಶುಕ್ರವಾರ

ಪ್ರೀತಿಯ ಮಾಂಯ್,

ಊರಿಗೆ ಬರುತ್ತಿರುವ ನನ್ನ ಸಹೋದ್ಯೋಗಿ ನತಾಶಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಗ ಪಕ್ಕದಲ್ಲೇ ಇರುತ್ತಾರೆ, ನೀವು ಹೆದರುತ್ತೀರೆಂದು ಹೇಳಗೊಡುವುದಿಲ್ಲ.

ಹೋದ ವಾರ ವಿಡಿಯೋ ಕಾಲಿನಲ್ಲಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುವಾಗ ಹೆರಾಲ್ಡ್ ನಡುವೆ ನಿಂತರಲ್ಲ? "ಗಲ್ಫಿಗೆ ಹೋಗಿ ದೇವರನ್ನೂ ಮರೆತಿಯಾ?" ಎಂದು ನೀವು ಗದರಿ, ಉಳಿದದ್ದನ್ನು ನೀವೇ ಹೇಳಿ ಮುಗಿಸಿದಿರಿ. ನಾನು ನರ್ಸ್ ಆಗಿಯೂ, ತೂಕಡಿಸಿದರೆಂದುಕೊಂಡು ನಿಮ್ಮೊಂದಿಗೆ ದನಿಗೂಡಿಸಿದೆ. ಜಪಮಾಲೆ ಅವರ ಬಲಗೈಯಿಂದ ಜಾರಿದ ಮೇಲೆಯೇ ಅದು ತೂಕಡಿಕೆಯಲ್ಲವೆಂದು ಗೊತ್ತಾದದ್ದು.

ಅವರ ರಕ್ತದ ಕ್ಯಾನ್ಸರ್ ಮಿದುಳಿಗೆ ಏರದಿರಲೆಂದು ಬೆನ್ನಿಗೆ ಚುಚ್ಚುವ ಮದ್ದು ಒಮ್ಮೊಮ್ಮೆ ಹೀಗೆ ಮಾತನ್ನೂ ಕೈಯನ್ನೂ ಕಟ್ಟಿಹಾಕುತ್ತದೆ. ಎರಡು ದಿನದಲ್ಲಿ ಎರಡೂ ಮರಳಿದವು. ಆಗ ನೆಟ್‌ವರ್ಕ್ ಇಲ್ಲವೆಂದು ನಿಮಗೆ ಸುಳ್ಳು ಹೇಳಿದ್ದೆ, ಕ್ಷಮಿಸಿ.

ಆಗ ಅವರಿಗೆ ಮಾತುಗಳು ನೀರಿನಡಿಯ ಮೀನುಗಳಂತೆ ಹೊಳೆಯುತ್ತಿದ್ದವಂತೆ, ಕೈಗೆ ಸಿಗುತ್ತಿರಲಿಲ್ಲವಂತೆ. ನಿಮ್ಮ ದನಿ ಮೇಲೆಲ್ಲೋ ದೋಣಿಯ ಹಾಗೆ ದಾಟಿಹೋಯಿತಂತೆ. "ಮಾಂಯ್ ನನ್ನನ್ನ ಬಿಟ್ಟು ಮುಂದೆ ಹೋದಳಲ್ಲ ಅಂತ ಅನಿಸಿತು" ಎಂದು ನಕ್ಕರು.

ಬುಧವಾರ ಮತ್ತೆ ಅದೇ ಇಂಜೆಕ್ಷನ್, ಬಿಡುವ ಹಾಗಿಲ್ಲ. ಆಮೇಲೆ ಎರಡು ವಾರ ಅವರ ಮಾತಿನ ಮೇಲೆ ನಿಗಾ ಇಡಬೇಕೆಂದು ಡಾಕ್ಟರ್ ಹೇಳಿದ್ದಾರೆ. ಸಂಜೆ ನನಗೆ ಡ್ಯೂಟಿ ಇದ್ದಾಗ ಅವರ ಮಾತು ಕೇಳುವವರು ನೀವೊಬ್ಬರೇ. ಹಾಗಾಗಿ ತೇರ್ಸ್ ತಪ್ಪಿಸಬೇಡಿ. ಪ್ರತಿ ಜಪದ ಮೊದಲರ್ಧ ನೀವು ಹೇಳಿ, ಉಳಿದರ್ಧ ಅವರಿಗೆ ಬಿಡಿ. ನಿಂತರೆ ಗದರಬೇಡಿ, ಅವರ ಪಾಲನ್ನು ನೀವು ಹೇಳಿ ಮುಗಿಸಬೇಡಿ. ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ನನ್ನ ವಾರ್ಡಿಗೆ ಫೋನ್ ಮಾಡಿ. ದೇವರು ಕಾಯುತ್ತಾನೆ.

ನಂಬರನ್ನು ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ.

ನಿಮ್ಮ ಸೊಸೆ,
ವಿಲ್ಮಾ