ಅಪ್ಪನ ಮೂರನೇ ಗ್ರಾಫಿಕ್ಸ್ ಕಾರ್ಡ್

ಮನೆಯಿಂದ, ಅಡುಗೆಮನೆಯ ಮೇಜು
ಮೇ ೨೦, ಬುಧವಾರ

ಪ್ರೀತಿಯ ಚಿನ್ನೂ,

ಹೇಗಿದ್ದೀಯೇ? ಕೆಮ್ಮು ಕಡಿಮೆಯಾಯಿತೇ? ಹೋಟೆಲಿನ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕು ಅಂದಿದ್ದೆಯಲ್ಲ. ಕಾಲು ನೋವಾದರೆ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರು. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ವಿಷಯ ಅವರದ್ದೇ. ಮತ್ತೊಂದು ಗ್ರಾಫಿಕ್ಸ್ ಕಾರ್ಡ್ ತಂದಿದ್ದಾರೆ! ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಆ ಸಾಮಾನು. ಒಂದೂವರೆ ವರ್ಷದಲ್ಲಿ ಇದು ಮೂರನೆಯದು. ಇಟ್ಟಿಗೆಯಷ್ಟು ದಪ್ಪಗಿದೆ, ಮುಚ್ಚಳ ಹಾಕಲಾಗದೆ ಕಂಪ್ಯೂಟರಿನ ಪೆಟ್ಟಿಗೆ ಬಾಯಿ ಬಿಟ್ಟುಕೊಂಡೇ ಇದೆ. ಇದರ ಬೆಲೆಗೆ ನನಗೊಂದು ಹೊಸ ಹೊಲಿಗೆ ಯಂತ್ರವೇ ಬರುತ್ತಿತ್ತು. ಇಷ್ಟೆಲ್ಲ ಯಾವುದಕ್ಕೆ ಅಂದರೆ, ಬಸ್ ಓಡಿಸುವ ಆಟಕ್ಕೆ. ವರ್ಷವೆಲ್ಲ ಶಾಲೆಯ ಬಸ್ ಓಡಿಸಿದ್ದು ಸಾಲದೇನೋ, ರಜೆಯಲ್ಲೂ ತಿಂಡಿ ಮುಗಿಸಿ ಕೂತರೆ ಮತ್ತೆ ಬಸ್ಸೇ.

ನನಗಂತೂ ತಲೆಬುಡ ಅರ್ಥವಾಗದೆ ಅಂಗಡಿಗೇ ಹೋಗಿ ಕೇಳಿದೆ. ಅಂಗಡಿಯವನು ನಕ್ಕುಬಿಟ್ಟ. "ಇರೋದು ಚೆನ್ನಾಗಿದ್ರೂ ಜನ ಹೊಸದು ತಗೋತಾರಮ್ಮ. ಯಾಕೆ ಅಂತ ನಾನು ಕೇಳ್ತಾ ಕೂತ್ರೆ ಅಂಗಡಿ ಮುಚ್ಚಬೇಕಾಗುತ್ತೆ" ಅಂದ. ನಮ್ಮ ಬೀದಿಯ ಹಲ್ಲಿನ ಡಾಕ್ಟರೂ ಅಲ್ಲೇ ಇದ್ದರು. ವರ್ಷಕ್ಕೊಂದು ಕೊಳ್ಳುತ್ತಾರಂತೆ, ಆಡುವುದು ಮಾತ್ರ ಇಸ್ಪೀಟು! ಮತ್ತೆ ಇದೇಕೆ ಅಂದರೆ "ಇರಲಿ ಅಂತ" ಎಂದು ನಾಚಿಕೊಂಡರು. ಅಷ್ಟು ಓದಿದವರಿಗೇ ಗೊತ್ತಿಲ್ಲದಿದ್ದರೆ ನಾನು ಇನ್ಯಾರನ್ನು ಕೇಳಲಿ?

ನಿಮ್ಮಪ್ಪ ಮಾತ್ರ ಕಾರಣ ಹೇಳುತ್ತಾರೆ. ಹಳೆಯದರಲ್ಲಿ ಚಿತ್ರ ಮಸುಕಂತೆ. ಹೊಸದು ಹಾಕಿದ ದಿನ ಕುಣಿದಾಡಿದರು. ಮೂರನೇ ದಿನಕ್ಕೆ "ಇದ್ರಲ್ಲೂ ರಸ್ತೆ ಬೋರ್ಡು ಓದೋಕಾಗ್ತಿಲ್ಲ ಕಣೇ, ಇನ್ನೂ ದೊಡ್ಡದು ತರಬೇಕಿತ್ತು" ಎಂದು ಗೊಣಗಲು ಶುರು. ಜಗಳವಾಡಿ ಎರಡು ದಿನ ಮಾತು ಬಿಟ್ಟೆ. ಆಮೇಲೆ ಪಾಪ ಅನ್ನಿಸಿತು. ಕುಡಿಯುವವರಲ್ಲ, ಅಲೆಯುವವರಲ್ಲ, ಇರುವುದು ಇದೊಂದು ಹುಚ್ಚು.

ಹೊತ್ತುಹೊತ್ತಿಗೆ ಊಟ ಮಾಡು. ಎಲ್ಲಿದ್ದರೂ ಚೆನ್ನಾಗಿರು, ಕಂದ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅವರು ಆಟ ನಿಲ್ಲಿಸಿ ಸ್ನಾನಕ್ಕೆ ಹೋದರು. ಪರದೆಯ ಮೇಲೆ ರಸ್ತೆಯ ಬೋರ್ಡು ಕಾಣುತ್ತಿತ್ತು. ಬಾಗಿಲಲ್ಲಿ ನಿಂತೇ, ಕನ್ನಡಕವಿಲ್ಲದೆ, ಅಕ್ಷರ ಅಕ್ಷರ ಓದಿದೆ. ಚಿತ್ರ ಚೆನ್ನಾಗಿಯೇ ಇದೆ ಕಣೇ, ಕಾಣದಿರುವುದು ಅವರಿಗೆ. ಸ್ನಾನ ಮುಗಿಸಿ ಬಂದಾಗ, ಡಾಕ್ಟರಿಗೆ ಕಣ್ಣು ತೋರಿಸೋಣ ಅಂದಿದ್ದಕ್ಕೆ "ಕಾರ್ಡು ಸರಿಯಿಲ್ಲ ಅಂದ್ರೆ ನನ್ನ ಕಣ್ಣಿಗ್ಯಾಕೆ ಬರ್ತೀಯ?" ಎಂದು ರೇಗಿದರು. ನಿನ್ನ ಮಾತಾದರೆ ಕೇಳುತ್ತಾರೆ. ಇನ್ನು ಹನ್ನೆರಡೇ ದಿನಕ್ಕೆ ಶಾಲೆ ಶುರು. ಆ ಬಸ್ಸಿನಲ್ಲಿ ನಲವತ್ತು ಮಕ್ಕಳು ಕೂರುತ್ತಾರೆ. ಹೋಟೆಲಿನವರು ರಜೆ ಕೊಡದಿದ್ದರೂ ಹೊರಟು ಬಾ.