ನಾಲ್ಕು ಬಾಗಿಲ ಬೆಂಡಿನ ಮನೆ

ಸುರೇಬಾನ
12-2-2025

ಪ್ರೀತಿಯ ಅಪ್ಪಾ, ಜೈಭೀಮ್.

ಮಡಗಾಂವದ ಹವೆ ಒಗ್ಗಿತೇ? ಮೊಣಕಾಲಿನ ಬಾವು ಇಳಿಯಿತೇ? ಎಣ್ಣೆ ಹಚ್ಚಿಕೊ, ಕಳ್ಳಾಟ ಬೇಡ. ನಿನ್ನ ಅವ್ವ ರಾಯವ್ವ ಗಟ್ಟಿಯಾಗಿದ್ದಾಳೆ. ದಿನಾ ನಿನ್ನನ್ನು ಬೈದೇ ಊಟಕ್ಕೆ ಕೂಡುತ್ತಾಳೆ.

ಪಂಚಾಯ್ತಿಯವರು ನಮ್ಮ ಕೇರಿಗೆ ಕೊಡುತ್ತೇವೆ ಅಂದದ್ದು ಮಕ್ಕಳಿಗೊಂದು ಓದುವ ಮನೆ, ಪುಸ್ತಕ, ದೀಪ. ಏಳು ವರ್ಷದಲ್ಲಿ ಕೊಟ್ಟದ್ದು ಒಂದು ನಾಮಫಲಕ. ಈಗ ಕಟ್ಟಲು ಹೊರಟಿದ್ದಾರೆ, ಅದೂ ಬಾಗಿಲನ್ನು ಮೇಲಿನ ಓಣಿಗೆ ತಿರುಗಿಸಿ. ನಮ್ಮ ಕಡೆಗೆ ಬರೀ ಗೋಡೆ. ನಮ್ಮ ಮಕ್ಕಳು ಊರು ಸುತ್ತಿ, ಅವರ ಕಟ್ಟೆಗಳ ಮುಂದೆ ತಲೆ ತಗ್ಗಿಸಿ ಹೋಗಬೇಕಂತೆ. ರಾಮದುರ್ಗದಲ್ಲಿ ಮಂದಿಯ ಮನೆಗಳ ನಕಾಶೆ ಬರೆಯುವ ನಾನು ಸುಮ್ಮನಿರುತ್ತೇನೆಯೇ? ಬೇರೆ ನಕಾಶೆ ಬರೆದೆ. ನೆನಪಿದೆಯೇ, ಜೋಳ ಕೊಯ್ದ ಮೇಲೆ ನೀನು ದಂಟು ಸುಲಿದು, ಒಳಗಿನ ಬೆಂಡು ತುಂಡರಿಸಿ, ಸಿಪ್ಪೆಯ ಸಿಬರು ಚುಚ್ಚಿ ಮನೆ ಮಾಡಿಕೊಡುತ್ತಿದ್ದದ್ದು? ಒಮ್ಮೆ ನೀನು ಬಾಗಿಲು ಇಡಲು ಮರೆತಿದ್ದೆ. ನಾನು ಅತ್ತುಬಿಟ್ಟೆ. ನೀನು ನಾಲ್ಕೂ ಕಡೆ ಬೆಂಡು ಕಿತ್ತು, "ತಗೋ, ಎತ್ತಾಗಿಂದರ ಬಾ" ಅಂದೆ. ಅದೇ ಮನೆ ಅಪ್ಪಾ, ಈಗ ಆಳೆತ್ತರ. ಬೆಂಡಿನಂಥ ಬೆಳ್ಳನೆಯ ದುಂಡು ಕಂಬ, ಸಿಬರಿನಂತೆ ಚುಚ್ಚಿದ ಕೆಂಪು ತೊಲೆ, ಮಕ್ಕಳ ಕಣ್ಣಿನೆತ್ತರಕ್ಕೆ ಬಣ್ಣದ ಗಾಜಿನ ಕಿಟಕಿ. ಕಣ್ಣು ಮುಚ್ಚಿದರೆ ಸಾಕು, ಅದರೊಳಗಿರುತ್ತೇನೆ. ನೆಲದ ಮೇಲೆ ಹಸಿರು, ಹಳದಿ ಬಿಸಿಲಿನ ಬಿಲ್ಲೆಗಳು ಮೆಲ್ಲಗೆ ಸರಿಯುತ್ತಿರುತ್ತವೆ, ಹುಡುಗಿಯೊಬ್ಬಳು ಪುಸ್ತಕ ಬಿಟ್ಟು ಅವನ್ನು ಹಿಡಿಯಲು ತೆವಳುತ್ತಾಳೆ, ಗಾಳಿ ನಾಲ್ಕೂ ಬಾಗಿಲಿಂದ ಬಂದು ಯಾರ ಓಣಿಯನ್ನೂ ಕೇಳದೆ ಹಾದುಹೋಗುತ್ತದೆ.

ಪಂಚಾಯ್ತಿಯಲ್ಲಿ ನಕಾಶೆ ನೋಡಿ ಗುತ್ತಿಗೆದಾರ ಪರಪ್ಪ ನಕ್ಕ. "ಏನವಾ ಪ್ರಜ್ಞಾ, ಇದು ಕಟ್ಟಡೋ, ಆಟಗಿ ಸಾಮಾನೋ?" ನಿನ್ನ ಅವ್ವ ಬಿಡಲಿಲ್ಲ. "ಮಂದೀನ ಹೊರಗ ನಿಲ್ಸೋ ನಿಮ್ಮ ಆಟ ಇನ್ನೂ ಮುಗದಿಲ್ಲ, ನಮ್ಮ ಹುಡುಗ್ರು ಒಂದೀಟು ಆಡ್ಲಿ ಬಿಡ್ರಿ" ಅಂದಳು. ಆಗ ಅವನು ಬೇರೆ ತಕರಾರು ತೆಗೆದ. "ಇಂಥಾ ದುಂಡು ಕಂಬ ಎಬ್ಸೋ ಗೌಂಡಿ ಈ ಊರಾಗ ಯಾರದಾನ?" ಕಟ್ಟುತ್ತೇನೆಂದು ಈ ಊರಿನ ಗೌಂಡಿಯೊಬ್ಬ ಗ್ರಾಮಸಭೆಯಲ್ಲಿ ಎದ್ದು ನಿಂತರೆ ನಮ್ಮ ನಕಾಶೆ, ಇಲ್ಲದಿದ್ದರೆ ಅವರ ಗೋಡೆ. ಹಾಗೆಂದು ಮಾತಾಗಿದೆ.

ಕೇರಿಯ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ವೇಳೆಗೆ ಉಣ್ಣು.

ನಿನ್ನ ಮಗಳು,
ಪ್ರಜ್ಞಾ

ತಾ.ಕ.: ನೀನೇ ಕಟ್ಟಿದ ಸಮುದಾಯ ಭವನದ ಹೊರಗೆ ನಿನ್ನನ್ನು ಕೂಡಿಸಿ ಉಣಬಡಿಸಿದ ದಿನ, ಈ ಊರಲ್ಲಿ ಇನ್ನು ಇಟ್ಟಿಗೆ ಮುಟ್ಟೆ ಎಂದು ಆಣೆ ಮಾಡಿ, ಗೌಂಡಿ ಕೆಲಸದ ಥಾಪಿ ಎಸೆದು ಹೋದೆ. ಆ ಆಣೆ ಮುರಿ ಅಪ್ಪಾ. ಥಾಪಿಯ ತುಕ್ಕು ಉಜ್ಜಿ ಇಟ್ಟಿದ್ದೇನೆ. ಸಭೆ ಫೆಬ್ರುವರಿ 23, ರವಿವಾರ, ಮುಂಜಾನೆ ಹತ್ತು ಗಂಟೆಗೆ.